ತಗಡಿನ ಡಬ್ಬಿಯ ಬಟ್ಟುಗಳು

ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅತ್ತೆ ಸೊಸೆಯರ ಮೊದಲ ಜಗಳ ಹೊಸ್ತಿಲಲ್ಲೇ ಆಯಿತು, ಅದೂ ಒಂದು ತುಂಡು ಸೋಪಿಗೆ. ಅತ್ತೆ ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಸೊಸೆ ಎರಡು ಹೆಜ್ಜೆ ಹಿಂದೆ ಸರಿದು, ಮೊದಲು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬನ್ನಿ ಎಂದಳು. ಎದುರು ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂವತ್ತೈದು ವರ್ಷ ಬೀದಿಗೆಲ್ಲ ಅಕ್ಕಿ ಬೇಳೆ ತೂಗಿಕೊಟ್ಟ ಕೈ ಅದು, ಮಗನನ್ನು ಆರಡಿ ಬೆಳೆಸಿದ ಕೈ. ಅದಕ್ಕೆ ನಿನ್ನೆ ಮೊನ್ನೆ ಬಂದವಳು ತೊಳೆಯುವುದನ್ನು ಕಲಿಸುವುದೇ? ಅತ್ತೆ ತೊಳೆದಳು. ಆದರೆ ನೀರನ್ನು ಹೇಗೆ ಎರಚಾಡಿದಳೆಂದರೆ, ಸೊಸೆಯ ಸೀರೆಯ ಅಂಚು ಒದ್ದೆಯಾಯಿತು.

ಈ ಅತ್ತೆಯನ್ನು ಬೀದಿಯವರು ಅಂಗಡಿಯಮ್ಮ ಎಂದೇ ಕರೆಯುತ್ತಿದ್ದರು. ಮುಂದೆ ದಿನಸಿ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಗಂಡ ತೀರಿಕೊಂಡ ಮೇಲೆ ಗಲ್ಲಾ ಮಗನ ಕೈಗೆ ಹೋಗಿತ್ತು, ಗತ್ತು ಮಾತ್ರ ಇವಳ ಹತ್ತಿರವೇ ಉಳಿದಿತ್ತು. ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಅಂಗಡಿಯಮ್ಮ ಅವಳನ್ನು ಎದುರಿಗೆ ಏನೂ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ 'ಲ್ಯಾಬು' ಎನ್ನುತ್ತಿದ್ದಳು. ಲ್ಯಾಬು ಇವತ್ತು ಮೂರು ಸಲ ಹಾಲಿನ ಒಳಲೆ ಕುದಿಸಿದಳು, ಲ್ಯಾಬು ನನ್ನ ಬೆರಳ ಉಗುರು ನೋಡಿದಳು, ಹೀಗೆ.

ಸೋಪಿನ ದಿನದಿಂದ ಇಬ್ಬರ ನಡುವೆ ನೇರ ಮಾತು ನಿಂತಿತು. ಮಾತು ನಿಂತಿತೆಂದು ಬೈಗುಳ ನಿಲ್ಲಬೇಕೇ? ಅದಕ್ಕೆ ಮಗುವೇ ಟಪಾಲಿನ ಡಬ್ಬಿಯಾಯಿತು. ನಿನ್ನಮ್ಮನಿಗೆ ಹೇಳೇ ಇಲಿಮರಿ, ಕಿಟಕಿ ತೆಗೆದಿಟ್ಟರೆ ನಿನಗೆ ಶೀತವಾಗುತ್ತದೆ ಅಂತ, ಎಂದು ಅತ್ತೆ ಮಗುವಿನ ಕಿವಿಗೆ ಹೇಳುವಳು. ಅಜ್ಜಿಗೆ ಹೇಳು ಕಂದಾ, ನಿನ್ನನ್ನು ಇಲಿಮರಿ ಅಂದರೆ ನನಗೆ ಇಷ್ಟ ಆಗಲ್ಲ ಅಂತ, ಎಂದು ಸೊಸೆ ಅದೇ ಕಿವಿಗೆ ಉತ್ತರ ಹಾಕುವಳು. ಎರಡು ಕಿಲೋ ಕೂಡ ಇಲ್ಲದ ಆ ಜೀವ ಎರಡೂ ಕಡೆಯ ವಿಷವನ್ನು ಕೇಳಿಸಿಕೊಂಡು ಆಕಳಿಸುತ್ತಿತ್ತು.

ಇಲಿಮರಿ ಎಂದರೆ ತಪ್ಪೇನು, ಇದ್ದದ್ದೇ ಹಾಗೆ. ಎರಡು ತಿಂಗಳು ಮೊದಲೇ ಹುಟ್ಟಿ, ನಲವತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಬಂದ ಕೂಸು. ಭುಜದ ಮೇಲೆ ನವಿರಾದ ಕೂದಲು, ಅಂಗಡಿಯಮ್ಮನ ಹೆಬ್ಬೆರಳಿನಷ್ಟು ದಪ್ಪದ ತೋಳು. ಮೂಗಿನ ಕೆಳಗೆ ಕೊಳವೆ ಅಂಟಿಸಿದ್ದ ಪಟ್ಟಿಯ ಗುರುತು. ಎರಡೂ ಹಿಮ್ಮಡಿಗಳಲ್ಲಿ ರಕ್ತ ತೆಗೆದ ಸೂಜಿಯ ಕಪ್ಪು ಚುಕ್ಕೆಗಳು. ಅಂಗಡಿಯಮ್ಮ ಒಂದು ದಿನ ಎಣಿಸಿದಳು, ಹದಿನೇಳು. ಎಣಿಸಿದ ಮೇಲೆ ಅವಳಿಗೆ ಅವತ್ತು ಊಟ ಸೇರಲಿಲ್ಲ. ಇನ್ನೊಂದು ಸೂಜಿ ಈ ಕಾಲಿಗೆ ಮುಟ್ಟಿದರೆ ನಾನು ಸುಮ್ಮನಿರುವವಳಲ್ಲ ಎಂದು ಅಡುಗೆಮನೆಯ ಗೋಡೆಗೆ ಹೇಳಿದಳು, ಕೇಳುವವರು ಬೇರೆ ಯಾರೂ ಇರಲಿಲ್ಲವಲ್ಲ.

ಈ ಹಗೆ ಸೋಪಿನಿಂದ ಹುಟ್ಟಿದ್ದಲ್ಲ. ಅದಕ್ಕೆ ಹದಿನೆಂಟು ವರ್ಷ ವಯಸ್ಸು. ಸೊಸೆಯ ಅಪ್ಪ ಬಸ್ಸಿನ ಡ್ರೈವರ್. ಆಗ ಅವನೂ ಈ ಅಂಗಡಿಯ ಗಿರಾಕಿ. ಒಂದು ದಿನ ಒಂದು ಕಿಲೋ ಸಕ್ಕರೆಯ ಪೊಟ್ಟಣ ಹಿಡಿದು ವಾಪಸ್ ಬಂದು, ಬೇರೆ ಕಡೆ ತೂಗಿಸಿದೆ, ನಲವತ್ತು ಗ್ರಾಂ ಕಡಿಮೆ ಇದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅಂಗಡಿಯಮ್ಮನ ಗಂಡ ಪೊಟ್ಟಣವನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಇನ್ನೊಂದಕ್ಕೆ ಕಿಲೋದ ಬಟ್ಟು ಇಟ್ಟ. ಮುಳ್ಳು ನೆಟ್ಟಗೆ ನಿಂತಿತು. ಜನ ನಕ್ಕರು. ಆಗ ಅಂಗಡಿಯಮ್ಮ ಪರದೆ ಸರಿಸಿ ಹೊರಗೆ ಬಂದು, ದಾರಿಯಲ್ಲಿ ಒಂದು ಹಿಡಿ ಮುಕ್ಕಿಬಿಟ್ಟು ಇಲ್ಲಿ ಬಂದು ತಕರಾರು ಮಾಡುತ್ತೀಯಲ್ಲ, ನಾಚಿಕೆ ಇಲ್ಲವಾ ಎಂದಳು. ಜನ ಇನ್ನೂ ಜೋರಾಗಿ ನಕ್ಕರು. ಡ್ರೈವರಿನ ಕೈ ಹಿಡಿದು ಹತ್ತು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಬೇರೆಲ್ಲೂ ಹೆಣ್ಣು ಸಿಗದವನ ಹಾಗೆ ಮಗ ದೊಡ್ಡವನಾದ ಮೇಲೆ ಹೋಗಿ ಹೋಗಿ ಅವಳನ್ನೇ ಮೆಚ್ಚಿಕೊಂಡು ಬಂದ.

ಡ್ರೈವರ್ ಹೇಳಿದ್ದು ನಿಜವೇ ಆಗಿತ್ತು. ಅದು ಗೊತ್ತಿದ್ದದ್ದು ಗಂಡನಿಗೆ ಮತ್ತು ಅಂಗಡಿಯಮ್ಮನಿಗೆ ಮಾತ್ರ. ಈಗ ಗಂಡ ಇಲ್ಲ. ಆ ಅಂಗಡಿಯಲ್ಲಿ ಕಬ್ಬಿಣದ ಬಟ್ಟುಗಳು ಎರಡು ಜೊತೆ. ಒಂದು ಜೊತೆ ಸಾಚಾ, ಅಡಿಯ ಗುಳಿಯಲ್ಲಿ ಸೀಸ ತುಂಬಿ ಸರ್ಕಾರಿ ಮುದ್ರೆ ಒತ್ತಿದ್ದು. ಇನ್ನೊಂದು ಜೊತೆಯಲ್ಲಿ ಗಂಡ ಹೆಂಡತಿ ಸೇರಿ ಉಳಿಯಲ್ಲಿ ಸೀಸ ಕೆತ್ತಿ ತೆಗೆದು, ಮಸಿ ಕಲಸಿದ ಮೇಣ ತುಂಬಿದ್ದರು. ಕಿಲೋದ ಬಟ್ಟಿನಲ್ಲಿ ನಲವತ್ತು ಗ್ರಾಂ ಇಲ್ಲ, ಅರ್ಧ ಕಿಲೋದ್ದರಲ್ಲಿ ಇಪ್ಪತ್ತು ಇಲ್ಲ. ಸಣ್ಣ ಬಟ್ಟುಗಳನ್ನು ಮುಟ್ಟಿರಲಿಲ್ಲ. ಮೇಣದ ಜೊತೆ ಗಲ್ಲಾದ ಪಕ್ಕ, ಸಾಚಾ ಜೊತೆ ಮಂಚದ ಕೆಳಗಿನ ತಗಡಿನ ಡಬ್ಬಿಯಲ್ಲಿ. ತೂಕದ ಇನ್‌ಸ್ಪೆಕ್ಟರ್ ಬರುವ ಸುಳಿವು ಸಿಕ್ಕರೆ ಅದಲುಬದಲು. ಹೋದ ಮೇಲೆ ಮತ್ತೆ ಅದಲುಬದಲು. ಬೀದಿಯಲ್ಲಿ ಎಲ್ಲರೂ ಎಲೆಕ್ಟ್ರಾನಿಕ್ ತಕ್ಕಡಿಗೆ ಹೋದರೂ ಇವರು ಮಾತ್ರ ಕೈ ತಕ್ಕಡಿ ಬಿಡಲಿಲ್ಲ. ಹಳೇ ಕಾಲದ ನಿಯತ್ತು ಎಂದು ಗಿರಾಕಿಗಳು ಅದನ್ನೇ ಹೊಗಳುತ್ತಿದ್ದರು. ಮಗನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಐವತ್ತು ಕಿಲೋ ಸಕ್ಕರೆಯ ಮೂಟೆಯಲ್ಲಿ ಒಂದು ಕಿಲೋದ ಐವತ್ತೆರಡು ಪೊಟ್ಟಣ ಏಳುವುದು ಲೋಕದ ನಿಯಮ ಎಂದೇ ಅವನು ತಿಳಿದಿದ್ದ.

ಆಸ್ಪತ್ರೆಯಿಂದ ಬಿಡುವಾಗ ಮಗುವಿನ ತೂಕ ಸಾವಿರದ ಎಂಟುನೂರು ಗ್ರಾಂ. ಡಾಕ್ಟರಮ್ಮ ಒಂದು ಷರತ್ತು ಹಾಕಿ ಕಳಿಸಿದ್ದರು. ಹತ್ತನೇ ದಿನಕ್ಕೆ ಸಾವಿರದ ಒಂಬೈನೂರು ದಾಟಿರಬೇಕು. ದಾಟಿದರೆ ಇಪ್ಪತ್ತನೇ ದಿನ ತೋರಿಸಿದರೆ ಸಾಕು. ದಾಟದಿದ್ದರೆ ಅವತ್ತೇ ಕರೆತರಬೇಕು, ಮರುದಿನ ಅಂದರೆ ತಡ. ಇಷ್ಟು ಸಣ್ಣ ಮಕ್ಕಳು ಹಸಿವಾದರೆ ಅಳುವುದಿಲ್ಲ, ಸುಮ್ಮನೆ ನಿದ್ದೆ ಮಾಡುತ್ತಾ ಮಾಡುತ್ತಾ ಸೋತುಬಿಡುತ್ತವೆ. ಅದಕ್ಕೇ ಎರಡು ಗಂಟೆಗೊಮ್ಮೆ, ಮಲಗಿದ್ದರೂ ಅಂಗಾಲಿಗೆ ಬೆರಳು ಹೊಡೆದು ಎಬ್ಬಿಸಿ, ಹಿಂಡಿಟ್ಟ ಎದೆಹಾಲನ್ನು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಬೇಕು. ಉಳಿದ ಹೊತ್ತು ಯಾರಾದರೂ ಬರಿಯೆದೆಗೆ ಕಟ್ಟಿಕೊಂಡು ಬೆಚ್ಚಗಿಡಬೇಕು.

ತೂಗುವುದು ಎಲ್ಲಿ ಎಂಬುದಕ್ಕೆ ಎರಡನೇ ಜಗಳ. ಮಗುವಿನ ತಕ್ಕಡಿ ಬಾಡಿಗೆಗೆ ಸಿಗುತ್ತದೆ, ಅಪ್ಪ ತಂದುಕೊಡುತ್ತಾರೆ ಎಂದು ಸೊಸೆ ಗಂಡನಿಗೆ ಹೇಳಿದಳು. ಅಂಗಡಿಯಮ್ಮನಿಗೆ ಮೈಯೆಲ್ಲ ಉರಿಯಿತು. ತಕ್ಕಡಿಯಿಂದಲೇ ಅನ್ನ ತಿಂದ ಮನೆಗೆ ಆ ಡ್ರೈವರ್ ತಕ್ಕಡಿ ಹೊತ್ತು ತರುವುದೇ? ಬೀದಿ ಏನೆಂದುಕೊಂಡೀತು? ಅವಳು ಮಗನನ್ನು ಕರೆದು, ಅಟ್ಟದ ಮೇಲಿನ ಹಳೇ ತಕ್ಕಡಿ ಇಳಿಸಿ ತೊಳೆ, ಗಲ್ಲಾದ ಬಟ್ಟುಗಳಿಗೆ ಊರವರ ಕೈ ತಾಗಿದೆ, ಅವು ಬೇಡ, ಮಂಚದ ಕೆಳಗಿನ ಡಬ್ಬಿಯಲ್ಲಿರುವುದನ್ನು ತೆಗೆ ಎಂದು ಅಪ್ಪಣೆ ಮಾಡಿದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಊರಿಗೆ ಮೇಣದ್ದಾದರೂ ತನ್ನ ಮೊಮ್ಮಗಳಿಗೆ ಸಾಚಾದ್ದೇ ಬೇಕು. ಆ ವಿಷಯದಲ್ಲಿ ಅವಳು ಮೋಸ ಮಾಡುವವಳಲ್ಲ.

ಸೊಸೆ ಮಗುವಿನ ಮುಖ ನೋಡಿಕೊಂಡೇ ಹೇಳಿದಳು: "ಈ ಅಂಗಡಿ ಬಟ್ಟಿನ ಮೇಲೆ ನನಗೆ ನಂಬಿಕೆ ಇಲ್ಲ. ಯಾಕೆ ಅಂತ ಅಜ್ಜಿಗೆ ಗೊತ್ತು, ಅಲ್ವಾ ಕಂದಾ?"

ಗಂಡ ನಡುವೆ ನಿಂತು ಬೇಡಿಕೊಂಡ. ಅಮ್ಮ ಒಂದು ಸಲ ಗೆದ್ದರೆ ಹತ್ತು ದಿನ ಸುಮ್ಮನಿರುತ್ತಾಳೆ ಎಂದು ಅವನ ಆಸೆ. ಹೊಲಿಗೆ ಇನ್ನೂ ನೋಯುತ್ತಿದ್ದವಳು, ನಿದ್ದೆಗೆಟ್ಟವಳು, ಕೊನೆಗೆ ಕೈ ಚೆಲ್ಲಿದಳು. ನಾಲ್ಕನೇ ದಿನ ಬಟ್ಟೆಯ ತೂಕ ಕಳೆದು ಸಾವಿರದ ಎಂಟುನೂರ ಎಪ್ಪತ್ತು ಬಂತು. ಲ್ಯಾಬು ಅದನ್ನು ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡಳು. ಏಳನೇ ದಿನ ಸಾವಿರದ ಎಂಟುನೂರ ತೊಂಬತ್ತು. ಹತ್ತನೇ ದಿನ ಸಾವಿರದ ಒಂಬೈನೂರ ಹತ್ತು. ಷರತ್ತು ದಾಟಿತ್ತು.

ಅಂಗಡಿಯಮ್ಮನ ಕಾಲು ನೆಲದ ಮೇಲಿರಲಿಲ್ಲ. ಪರದೆಯಾಚೆಗೆ ಕೇಳುವ ಹಾಗೆ, ಅಂಗಡಿಗೆ ಬಂದವರಿಗೆಲ್ಲ ಕೇಳುವ ಹಾಗೆ, ಒಂಬೈನೂರ ಹತ್ತು ಎಂದು ಮೂರು ಸಲ ಹೇಳಿದಳು. ಸೊಸೆ ಮಾತ್ರ ಪುಸ್ತಕವನ್ನೂ ಮಗುವನ್ನೂ ಮತ್ತೆ ಮತ್ತೆ ನೋಡಿ, ಕೆನ್ನೆ ತುಂಬಿಲ್ಲವಲ್ಲ, ತೊಡೆಯ ಚರ್ಮ ಇನ್ನೂ ಸಡಿಲವಿದೆಯಲ್ಲ ಎಂದು ಗಂಡನ ಹತ್ತಿರ ಗೊಣಗಿದಳು. ಅತ್ತೆಗೆ ಕೇಳಿಸಿತು. ಕಬ್ಬಿಣ ಹೇಳಿದ್ದನ್ನೂ ನಂಬಲ್ಲವಂತೆ ನಿನ್ನಮ್ಮ, ಅವಳಪ್ಪನ ಬುದ್ಧಿ ಎಲ್ಲಿಗೆ ಹೋದೀತು ಇಲಿಮರಿ ಎಂದು ಮಗುವಿಗೆ ಹೇಳಿದಳು. ಸೊಸೆ ಪುಸ್ತಕ ಮುಚ್ಚಿದಳು. ಅಂಕಿಗಳ ಜೊತೆಯೇ ಬದುಕಿದ ಹೆಣ್ಣು, ಅಂಕಿಯನ್ನು ಅಲ್ಲಗಳೆಯುವುದು ಅವಳಿಗೆ ಬರುತ್ತಿರಲಿಲ್ಲ.

ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಸೊಸೆ ನಿದ್ದೆ ಮಾಡುವ ಹೊತ್ತು, ಅಷ್ಟು ಹೊತ್ತು ಮಗು ಅಂಗಡಿಯಮ್ಮನದು. ಬೇರೆ ದಾರಿಯಿಲ್ಲದೆ ಕೊಟ್ಟ ಪಾಳಿ ಅದು. ರವಿಕೆ ಬಿಚ್ಚಿ ಮಗುವನ್ನು ಎದೆಗೆ ಕಟ್ಟಿಕೊಂಡು ಅವಳು ಗೋಡೆಗೆ ಒರಗಿ ಕೂರುವಳು. ಆ ಪುಟ್ಟ ಉಸಿರು ಕತ್ತಿನ ಕೆಳಗೆ ತಾಗಿದಾಗ ಅವಳಿಗೆ ಜಗತ್ತಿನಲ್ಲಿ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ, ಸೊಸೆಯೊಬ್ಬಳನ್ನು ಬಿಟ್ಟು. ಈ ಮಗುವಿನ ಮೇಲಿದ್ದಷ್ಟು ಪ್ರೀತಿ ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲೂ ಇದ್ದಿರಲಿಲ್ಲ. ಒಂಬೈನೂರ ಹತ್ತು ಆದ ಮೇಲೆ, ನಿದ್ದೆ ಮಾಡುವ ಕೂಸಿನ ಅಂಗಾಲಿಗೆ ಹೊಡೆದು ಎಬ್ಬಿಸುವುದು ಯಾವ ಸೀಮೆಯ ಶಾಸ್ತ್ರ ಎಂದು ತೀರ್ಮಾನಿಸಿ, ಎರಡು ಗಂಟೆಯನ್ನು ಮೂರು ಮಾಡಿದಳು. ಒಂದೊಂದು ದಿನ ನಾಲ್ಕಾಯಿತು. ಮಗು ಅಳಲಿಲ್ಲ. ನನ್ನ ಹತ್ತಿರ ಎಷ್ಟು ಸಮಾಧಾನವಾಗಿರುತ್ತೆ ನೋಡಿ ಎಂದು ಎದುರು ಮನೆಯವರಿಗೆ ಹೇಳಿಕೊಂಡು ಬೀಗಿದಳು.

ಹನ್ನೆರಡನೇ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಮಗು ಎದೆಯ ಮೇಲೆ ಮಲಗಿತ್ತು. ಪರದೆಯಾಚೆ ಮಗ ಗೋದಾಮಿನವರ ಜೊತೆ ಫೋನಿನಲ್ಲಿ ಜಗಳ ತೆಗೆದಿದ್ದ. ಮೂಟೆಗೆ ಐವತ್ತೆರಡು ಪೊಟ್ಟಣ ಏಳುತ್ತಿತ್ತು, ಒಂದೂವರೆ ತಿಂಗಳಿಂದ ಐವತ್ತರ ಮೇಲೆ ಒಂದೂ ಏಳುತ್ತಿಲ್ಲ, ಎರಡು ಕಿಲೋ ನಿಮ್ಮಲ್ಲಿ ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ಕೇಳುತ್ತಿದ್ದ. ಅಂಗಡಿಯಮ್ಮನಿಗೆ ಮೊದಲು ನಗು ಬಂತು. ಪೆದ್ದ, ಐವತ್ತು ಕಿಲೋದಲ್ಲಿ ಐವತ್ತು ಏಳದೆ ಇನ್ನೇನು ಎದ್ದೀತು? ಐವತ್ತೆರಡು ಏಳಬೇಕಾದರೆ ಮೇಣದ ಬಟ್ಟು ಬೇಕು.

ನಗು ಅರ್ಧಕ್ಕೇ ನಿಂತುಹೋಯಿತು. ಐವತ್ತೇ ಏಳುತ್ತಿದೆ ಎಂದರೆ ಗಲ್ಲಾದ ಹತ್ತಿರ ಇರುವುದು ಸಾಚಾ ಬಟ್ಟು.

ಒಂದೂವರೆ ತಿಂಗಳು. ಮಗು ಹುಟ್ಟಿದ ಮೂರನೇ ದಿನ ಇನ್‌ಸ್ಪೆಕ್ಟರ್ ಬರುತ್ತಾನೆಂದು ಪಕ್ಕದ ಅಂಗಡಿಯವನು ಹೇಳಿ ಕಳಿಸಿದ್ದ. ಅವಳೇ ಓಡಿ ಬಟ್ಟು ಬದಲಿಸಿದ್ದಳು. ಇನ್‌ಸ್ಪೆಕ್ಟರ್ ಬಂದ, ನೋಡಿದ, ಹೋದ. ಅವನು ಮೆಟ್ಟಿಲು ಇಳಿಯುವಾಗಲೇ ಆಸ್ಪತ್ರೆಯಿಂದ ಮಗ ಫೋನು ಮಾಡಿ, ಅಮ್ಮಾ, ಮಗು ಉಸಿರು ನಿಲ್ಲಿಸಿತ್ತು, ಬೇಗ ಬಾ ಎಂದಿದ್ದ. ಅವಳು ಚಪ್ಪಲಿ ಕೂಡ ಹಾಕದೆ ಓಡಿದ್ದಳು. ವಾಪಸ್ ಬದಲಿಸುವುದು ಅವತ್ತೂ ನೆನಪಾಗಲಿಲ್ಲ, ಆಮೇಲೂ ಆಗಲಿಲ್ಲ. ಅಯ್ಯೋ ದೇವರೇ, ಇಷ್ಟು ದಿನ ಬೀದಿಗೆಲ್ಲ ಸರಿಯಾದ ತೂಕ ಹೋಗಿದೆ, ಮೇಣದ ತೂಕ ಬಂದದ್ದು ತನ್ನ ಮನೆಯ ಕೂಸಿನ ಪಾಲಿಗೆ!

ಅವಳು ಮಗುವನ್ನು ಮೆಲ್ಲಗೆ ಹಾಸಿಗೆಗೆ ಇಳಿಸಿ, ತಕ್ಕಡಿಯ ಪಕ್ಕದ ಕಿಲೋದ ಬಟ್ಟನ್ನು ತಲೆಕೆಳಗು ಮಾಡಿ ಹೆಬ್ಬೆರಳ ಉಗುರು ಒತ್ತಿದಳು. ಉಗುರು ಇಳಿಯಿತು. ಅರ್ಧ ಕಿಲೋದ್ದಕ್ಕೂ ಒತ್ತಿದಳು. ಅಲ್ಲೂ ಇಳಿಯಿತು. ಎರಡೂ ಸೇರಿದರೆ ಅರವತ್ತು ಗ್ರಾಂ. ಒಂಬೈನೂರ ಹತ್ತು ಅಂದರೆ ಎಂಟುನೂರ ಐವತ್ತು. ಹತ್ತನೇ ದಿನವೇ ಕರೆದುಕೊಂಡು ಹೋಗಬೇಕಿತ್ತು. ಹೋಗುವುದಿರಲಿ, ಅವತ್ತಿನಿಂದ ಅವಳು ಹಾಲನ್ನೂ ಕಡಿಮೆ ಮಾಡಿದ್ದಳು.

ಹಾಸಿಗೆಯ ಮೇಲೆ ಮಗು ಅಳದೆ ಮಲಗಿತ್ತು. ಎದುರು ಮನೆಯವರ ಮುಂದೆ ಅವಳು ಬೀಗಿದ್ದು ಈ ಸಮಾಧಾನಕ್ಕೇ.

ಒಳಗೆ ಹೋಗಿ ಸೊಸೆಯನ್ನು ಎಬ್ಬಿಸಿ ಇದ್ದದ್ದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೇಳುವುದು ಯಾರಿಗೆ? ಆ ಡ್ರೈವರಿನ ಮಗಳಿಗೆ. ಸತ್ತ ಗಂಡನ ಹೆಸರು ಹಿಡಿದು, ನಾವು ಕಳ್ಳರು ಅಂತ. ಅದಕ್ಕಿಂತ ನಾಲಿಗೆ ಬಿದ್ದುಹೋಗಲಿ ಎಂದುಕೊಂಡಳು. ಮಗ ಮೂಟೆ ಇಳಿಸಿಕೊಳ್ಳಲು ಬೀದಿಗೆ ಹೋದ ಕ್ಷಣದಲ್ಲಿ ಪರದೆ ಸರಿಸಿ, ಗಲ್ಲಾದ ಪಕ್ಕದ ಕಿಲೋ, ಅರ್ಧ ಕಿಲೋ ಬಟ್ಟುಗಳನ್ನು ಸೆರಗಿನಲ್ಲಿ ಕಟ್ಟಿ ತಂದಳು, ಮೇಣದವನ್ನು ಅಲ್ಲಿಟ್ಟು ಬಂದಳು. ಯಾವುದು ಎಲ್ಲಿರಬೇಕೋ ಅಲ್ಲಿಗೆ ಹೋಯಿತು. ಸಾಚಾ ಬಟ್ಟಿನಲ್ಲಿ ಮಗುವನ್ನು ತೂಗಿದಳು. ಎಂಟುನೂರ ಮೂವತ್ತು ಬಂತು. ಆಮೇಲೆ ಒಳಗೆ ಹೋಗಿ, ಹನ್ನೆರಡು ದಿನಗಳಲ್ಲಿ ಮೊದಲ ಸಲ ಸೊಸೆಯನ್ನು ನೇರವಾಗಿ ಮಾತಾಡಿಸಿದಳು.

"ಏಳು. ಮಗು ತೂಕ ಇಳಿದಿದೆ. ಆಸ್ಪತ್ರೆಗೆ ಹೋಗಬೇಕು."

ಸೊಸೆ ತಾನೇ ಎರಡು ಸಲ ತೂಗಿದಳು. ಎರಡೂ ಸಲ ಎಂಟುನೂರ ಮೂವತ್ತು.  ಕೂಡಲೇ ಅಪ್ಪನಿಗೆ ಫೋನು ಮಾಡಿದಳು. ಅವನು ಯಾರದೋ ಕಾರು ಕೇಳಿ ತೆಗೆದುಕೊಂಡು ಹತ್ತು ನಿಮಿಷಕ್ಕೆ ಬಂದ. ಮಗ ಅಂಗಡಿಯ ಬಾಗಿಲು ಎಳೆದು ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಅತ್ತೆ ಒಂದು ಬದಿ, ಎದೆಗೆ ಮಗು ಕಟ್ಟಿಕೊಂಡ ಸೊಸೆ ಇನ್ನೊಂದು ಬದಿ. ದಾರಿಯುದ್ದಕ್ಕೂ ಸೊಸೆ ಮಗುವಿನ ಅಂಗಾಲಿಗೆ ಬೆರಳು ಹೊಡೆಯುತ್ತಲೇ ಇದ್ದಳು. ಅಂಗಡಿಯಮ್ಮ ಕಿಟಕಿಯಾಚೆ ನೋಡುತ್ತಾ, ಆಯಿತಲ್ಲ, ಹೋಗುತ್ತಿದ್ದೇವಲ್ಲ, ಡಾಕ್ಟರಮ್ಮ ನೋಡಿಕೊಳ್ಳುತ್ತಾರೆ, ಯಾರ ಮಾನವೂ ಹೋಗದೆ ಕೆಲಸ ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಆಗಲಿಲ್ಲ. ಆಸ್ಪತ್ರೆಯ ತಕ್ಕಡಿಯೂ ಸಾವಿರದ ಎಂಟುನೂರ ಮೂವತ್ತನ್ನೇ ತೋರಿಸಿತು. ಡಾಕ್ಟರಮ್ಮ ಸೊಸೆಯ ಪುಸ್ತಕ ತೆಗೆದು ನೋಡಿದರು. ಮೊನ್ನೆ ಒಂಬೈನೂರ ಹತ್ತು, ಇವತ್ತು ಎಂಟುನೂರ ಮೂವತ್ತು. ಎರಡು ದಿನದಲ್ಲಿ ಎಂಬತ್ತು ಗ್ರಾಂ ಇಳಿದಿದೆ, ಮಗು ಮಂಕಾಗಿದೆ, ಹಾಗಾದರೆ ರಕ್ತದಲ್ಲಿ ಸೋಂಕು ಸೇರಿದೆ ಎಂದೇ ಹಿಡಿಯಬೇಕು ಎಂದರು. ಅವರ ದನಿ ಬದಲಾಗಿತ್ತು. ಎರಡು ಕಡೆಯಿಂದ ರಕ್ತ ತೆಗೆಯಿರಿ, ಬೆನ್ನುಹುರಿಯ ನೀರೂ ತೆಗೆಯಬೇಕು, ಕೈಗೆ ಸೂಜಿ ಹಾಕಿ ಔಷಧಿ ಶುರುಮಾಡಿ ಎಂದು ಸಿಸ್ಟರಿಗೆ ಒಂದರ ಹಿಂದೆ ಒಂದು ಹೇಳಿದರು. ಸೊಸೆಯನ್ನು ನೋಡಿ, ಒಪ್ಪಿಗೆಯಾ ಎಂದು ಕೇಳಿದರು. ಸೊಸೆ ಪುಸ್ತಕ ನೋಡಿದಳು, ತಲೆ ಆಡಿಸಿದಳು. ಅವಳು ಬರೆದ ಅಂಕಿ, ಅವಳು ನಂಬದೆ ಇನ್ಯಾರು ನಂಬಬೇಕು?

ಸಿಸ್ಟರು ಮಗುವಿನ ಕಾಲಿನ ಬಟ್ಟೆ ಬಿಚ್ಚಿದರು. ಹದಿನೇಳು ಚುಕ್ಕೆಗಳ ಹಿಮ್ಮಡಿ ಬೆಳಕಿಗೆ ಬಂತು. ಇನ್ನೊಬ್ಬರು ಮಗುವನ್ನು ಪಕ್ಕಕ್ಕೆ ತಿರುಗಿಸಿ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಹಿಡಿಯುವುದು ಹೇಗೆಂದು ನೋಡತೊಡಗಿದರು. ಟ್ರೇಯಲ್ಲಿ ಸೂಜಿಗಳನ್ನು ಸಾಲಾಗಿ ಇಟ್ಟಿದ್ದರು. ಮಗ ಗೋಡೆ ಕಡೆ ತಿರುಗಿಕೊಂಡ. ಬಾಗಿಲ ಬಳಿ ಡ್ರೈವರ್ ನಿಂತಿದ್ದ, ಅವನ ಹಿಂದೆ ಸರದಿಯಲ್ಲಿ ನಿಂತ ಐದಾರು ಜನ, ಅವರಲ್ಲಿ ಒಬ್ಬಳು ಇವರದೇ ಬೀದಿಯವಳು.

ಅಂಗಡಿಯಮ್ಮ ಮುಂದೆ ಬಂದು ಮಗುವಿನ ಹಿಮ್ಮಡಿಗೆ ಕೈ ಅಡ್ಡ ಇಟ್ಟಳು.

"ಚುಚ್ಚಬೇಡಿ. ಮಗು ಎಂಬತ್ತು ಗ್ರಾಂ ಇಳಿದಿಲ್ಲ. ಆ ಪುಸ್ತಕದಲ್ಲಿರೋದು ಸುಳ್ಳು."

ಅಜ್ಜಿ, ಹೊರಗೆ ಕೂತುಕೊಳ್ಳಿ ಎಂದು ಸಿಸ್ಟರು ಗದರಿದರು. ಸೊಸೆ ತಿರುಗಿ ಅತ್ತೆಯನ್ನು ದಿಟ್ಟಿಸಿದಳು. ಇಲ್ಲೂ ಬಂದು ನನ್ನ ಮೇಲೆ ಹಾಕುತ್ತಿದ್ದಾಳೆ ಎಂದೇ ಅವಳಿಗೆ ಅನಿಸಿದ್ದು.

"ಪುಸ್ತಕ ಬರೆದಿದ್ದು ನಾನು," ಎಂದಳು.

"ಬರೆದಿದ್ದು ನೀನು. ಬಟ್ಟು ನಂದು."

ಆಮೇಲೆ ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಿಲೋದ ಬಟ್ಟಿನಲ್ಲಿ ನಲವತ್ತು ಗ್ರಾಂ ಇಲ್ಲ, ಅರ್ಧ ಕಿಲೋದ್ದರಲ್ಲಿ ಇಪ್ಪತ್ತು ಇಲ್ಲ, ನಾನೂ ನನ್ನ ಗಂಡನೂ ಸೇರಿ ಕೆತ್ತಿ ತೆಗೆದಿದ್ದೇವೆ, ಸಾಚಾದ್ದು ಎಂದುಕೊಂಡು ಅದರಲ್ಲೇ ಮಗುವನ್ನು ತೂಗಿಸಿದೆ, ಇವತ್ತು ಬೆಳಿಗ್ಗೆ ಗೊತ್ತಾಯಿತು, ಗೊತ್ತಾದ ಮೇಲೆ ಯಾರಿಗೂ ಹೇಳದೆ ಬದಲಿಸಿದೆ. ಎಲ್ಲವನ್ನೂ ಆ ಕೋಣೆಯಲ್ಲಿ, ಬಾಗಿಲು ತೆರೆದೇ ಇರುವಾಗ ಹೇಳಿದಳು. ಮಗ ಗೋಡೆಯಿಂದ ತಿರುಗಿ ತಾಯಿಯನ್ನು ನೋಡಿದ. ಐವತ್ತೆರಡು ಪೊಟ್ಟಣದ ಲೋಕದ ನಿಯಮ ಅವನ ಮುಖದಲ್ಲೇ ಮುರಿದುಬಿದ್ದದ್ದು ಕಾಣುತ್ತಿತ್ತು.

ಮೊದಲು ಮಾತಾಡಿದ್ದು ಡ್ರೈವರ್. ಅವನು ದನಿ ಎತ್ತಲಿಲ್ಲ.

"ನಲವತ್ತು. ಆವತ್ತು ನಾನು ಹೇಳಿದ್ದೂ ನಲವತ್ತೇ."

ಸೊಸೆ ಅಪ್ಪನ ಕಡೆ ನೋಡಲಿಲ್ಲ. ಪೆನ್ನು ತೆಗೆದು, ನಿಂತಲ್ಲೇ ಪುಸ್ತಕವನ್ನು ಮಂಚದ ಅಂಚಿಗೆ ಒತ್ತಿ ಹಿಡಿದು, ಹಳೆಯ ಪ್ರತಿ ಅಂಕಿಯ ಮೇಲೂ ಗೆರೆ ಎಳೆದು ಪಕ್ಕದಲ್ಲಿ ಅರವತ್ತು ಕಳೆದು ಬರೆದಳು. ಎಂಟುನೂರ ಹತ್ತು, ಎಂಟುನೂರ ಮೂವತ್ತು, ಎಂಟುನೂರ ಐವತ್ತು, ಕೊನೆಗೆ ಇವತ್ತಿನ ಎಂಟುನೂರ ಮೂವತ್ತು.  ಕೊನೆ ಎರಡು ದಿನಕ್ಕೆ ಇಪ್ಪತ್ತು ಇಳಿದದ್ದು ಯಾಕೆ ಎಂದು ಅವಳ ಪೆನ್ನು ಅಲ್ಲೇ ನಿಂತಿತು. ತಲೆ ಎತ್ತದೆ ಕೇಳಿದಳು, ಬೆಳಗಿನ ಪಾಳಿಯಲ್ಲಿ ಹಾಲು ಎಷ್ಟು ಗಂಟೆಗೊಮ್ಮೆ ಕೊಟ್ಟಿರಿ ಎಂದು.

ಅಂಗಡಿಯಮ್ಮ ಅದನ್ನೂ ಹೇಳಿದಳು. ಮೂರು ಗಂಟೆ ಎಂದಳು. ಒಂದೊಂದು ಸಲ ನಾಲ್ಕು ಎಂದು ತಾನೇ ಸೇರಿಸಿದಳು.

ಡಾಕ್ಟರಮ್ಮ ಪುಸ್ತಕ ನೋಡಿದರು, ಮಗುವಿನ ಹೊಟ್ಟೆ ಮುಟ್ಟಿದರು, ಎದೆಗೆ ಸ್ಟೆತೋಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬೆನ್ನಿನ ಸೂಜಿ ಈಗ ಬೇಡ ಎಂದರು. ಹಿಮ್ಮಡಿಯಿಂದ ಒಂದು ಹನಿ ಸಾಕು, ಸಕ್ಕರೆ ನೋಡೋಣ. ಇದು ಹಸಿವು. ಮೂಗಿಗೆ ಕೊಳವೆ ಹಾಕಿ ಹಾಲು ಕೊಡೋಣ, ಬೆಚ್ಚಗಿಡೋಣ. ಇನ್ನೆರಡು ದಿನ ಹೀಗೇ ಬಿಟ್ಟಿದ್ದರೆ ನಾನು ಈ ಮಾತು ಹೇಳುವ ಹಾಗಿರುತ್ತಿರಲಿಲ್ಲ ಎಂದು ಅಜ್ಜಿಯ ಮುಖ ನೋಡಿಯೇ ಹೇಳಿದರು. ಹದಿನೆಂಟನೇ ಚುಕ್ಕೆ ಬಿತ್ತು. ಮಗು ಕೀಚು ದನಿಯಲ್ಲಿ ಅತ್ತಿತು. ಹನ್ನೆರಡು ದಿನದಲ್ಲಿ ಅಂಗಡಿಯಮ್ಮ ಕೇಳಿದ ಅತಿ ಒಳ್ಳೆಯ ಸದ್ದು ಅದು.

ಹೊರಗೆ ಬೆಂಚಿನ ಮೇಲೆ ಅವಳು ಕೂತಿದ್ದಾಗ ಸೊಸೆ ಬಂದು ಎದುರಿಗೆ ನಿಂತಳು. ಈ ಸಲ ನಡುವೆ ಮಗು ಇರಲಿಲ್ಲ, ಹೇಳಬೇಕಾದ್ದನ್ನು ಹೇಳಬೇಕಾದವರಿಗೇ ಹೇಳಬೇಕಾಗಿತ್ತು.

"ನಮ್ಮಪ್ಪ ಆವತ್ತು ಸಕ್ಕರೆ ಮುಕ್ಕಲಿಲ್ಲ."

ಅಂಗಡಿಯಮ್ಮ ಆಚೆ ನಿಂತಿದ್ದ ಡ್ರೈವರಿನ ಕಡೆ ನೋಡಿದಳು.

"ಹೇಳಿ ಅತ್ತೆ. ಅವರು ಅಲ್ಲೇ ನಿಂತಿದ್ದಾರೆ. ಕೇಳೋ ಹಾಗೆ ಹೇಳಿ."

"ಮುಕ್ಕಲಿಲ್ಲ," ಎಂದಳು ಅಂಗಡಿಯಮ್ಮ. ಎದ್ದು ನಿಂತು, ಡ್ರೈವರಿನ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು. "ನೀವು ಮುಕ್ಕಲಿಲ್ಲ, ಬೀಗರೇ."

ಅವನು ತಲೆ ಆಡಿಸಿದ, ಅಷ್ಟೇ. ಕಾರಿನ ಬೀಗದ ಕೈ ಕೈಯಲ್ಲಿ ತಿರುಗಿಸುತ್ತಾ ಹೊರಗೆ ಹೋದ. ಸೊಸೆ ಕ್ಷಮಿಸಲಿಲ್ಲ. ಕ್ಷಮಿಸುವ ಮಾತೂ ಆಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸರದಿಯಲ್ಲಿದ್ದ ಬೀದಿಯವಳು ಸಂಜೆಯೊಳಗೆ ತನ್ನ ಕೆಲಸ ಮುಗಿಸಿದ್ದಳು. ಮರುದಿನದಿಂದ ಅಂಗಡಿಗೆ ನೊಣ ಬಿಟ್ಟರೆ ಬೇರೆ ಯಾರೂ ಬರಲಿಲ್ಲ. ಮಗ ಕೈ ತಕ್ಕಡಿ ತೆಗೆದು ಎಲೆಕ್ಟ್ರಾನಿಕ್ ತಕ್ಕಡಿ ತಂದಿಟ್ಟ. ಮೇಣದ ಬಟ್ಟುಗಳನ್ನು ಎಲ್ಲಿ ಎಸೆದನೋ ಹೇಳಲಿಲ್ಲ. ತಾಯಿಯ ಹತ್ತಿರ ಊಟಕ್ಕೆ ಕರೆಯುವ ಮಾತು ಬಿಟ್ಟು ಬೇರೆ ಮಾತನ್ನೇ ಆಡಲಿಲ್ಲ. ಅಂಗಡಿಯಮ್ಮ ದಿನವೂ ಆಸ್ಪತ್ರೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ಒಳಗೆ ಯಾರೂ ಕರೆಯಲಿಲ್ಲ, ಅವಳೂ ಕೇಳಲಿಲ್ಲ.

ಒಂಬತ್ತನೇ ದಿನ ಮಗು ಎರಡು ಸಾವಿರದ ಮೂವತ್ತು ಗ್ರಾಂ ಆಗಿ ಮನೆಗೆ ಬಂತು. ಜೊತೆಗೆ ಡ್ರೈವರ್ ಬಾಡಿಗೆಗೆ ತಂದ ಬಿಳಿಯ ತಕ್ಕಡಿಯೂ ಬಂತು. ಅಂಗಡಿಯಮ್ಮ ಯಾರೂ ಹೇಳುವ ಮೊದಲೇ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ನಿಂತಿದ್ದಳು. ಸೊಸೆ ಮಗುವನ್ನು ಕೊಡಲಿಲ್ಲ. ಮಂಚದ ಕೆಳಗಿನ ತಗಡಿನ ಡಬ್ಬಿ ಎಳೆದು, ಮುದ್ರೆಯಿರುವ ಸಾಚಾ ಕಿಲೋದ ಬಟ್ಟನ್ನು ತೆಗೆದು ಅತ್ತೆಯ ಕೈಗೆ ಕೊಟ್ಟಳು.

"ಮೊದಲು ಇದನ್ನ ತೂಗಿ. ದಿನಾ. ನನ್ನೆದುರಿಗೆ."

ಅಂದಿನಿಂದ ಆ ಮನೆಯಲ್ಲಿ ಬೆಳಗಾಗುವುದು ಹಾಗೆ. ಅಂಗಡಿಯಮ್ಮ ಬಟ್ಟನ್ನು ತಲೆಕೆಳಗು ಮಾಡಿ, ಸೊಸೆ ನೋಡುವ ಹಾಗೆ ಸೀಸದ ಮೇಲೆ ಉಗುರು ಒತ್ತುತ್ತಾಳೆ. ಉಗುರು ಇಳಿಯುವುದಿಲ್ಲ. ಬಟ್ಟನ್ನು ತಕ್ಕಡಿಯ ಮೇಲಿಟ್ಟು, ಸಾವಿರ ಎಂದು ಓದುತ್ತಾಳೆ. ಬಟ್ಟು ಇಳಿಸಿ, ತಟ್ಟೆಗೆ ಬಟ್ಟೆ ಹಾಸುತ್ತಾಳೆ. ಆಮೇಲೆ ಮಗು. ಇವತ್ತು ಎರಡು ಸಾವಿರದ ನೂರ ಹತ್ತು ಎಂದು ಅತ್ತೆ ಓದಿ ಹೇಳಿದಳು. ಸೊಸೆ ಬಗ್ಗಿ, ತಾನೇ ಇನ್ನೊಮ್ಮೆ ನೋಡಿ, ಬರೆದುಕೊಂಡಳು.